ಯಾವ ಗೋಡೆ ಮತ್ತೆ ಎದ್ದಿತು, ಯಾವುದು ಏಳಲಿಲ್ಲ

(ಯುರೋಪಿನ ಯುದ್ಧನಗರಗಳ ಪ್ರವಾಸವನ್ನು ಕುರಿತು ಮಾಡಿದ ಉಪನ್ಯಾಸದ ಬರಹ ರೂಪ)

ಗೆಳೆಯರೇ,

ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ಹಳೆಯ ಪೇಟೆಯ ಚೌಕ ಎಂಬ ಜಾಗವಿದೆ. ಅಲ್ಲಿ ನಿಂತರೆ ನಾಲ್ಕೂ ಕಡೆ ಶತಮಾನಗಳ ಹಿಂದಿನ ವರ್ತಕರ ಮನೆಗಳ ಸಾಲು ಕಾಣುತ್ತದೆ. ಕಿರಿದಾದ ಮುಂಬದಿ, ಎತ್ತರದ ಕಿಟಕಿಗಳು, ಜೇನಿನ ಬಣ್ಣ, ಇಟ್ಟಿಗೆಯ ಕೆಂಪು, ಮಾಸಲು ಹಸಿರು. ಈ ಸಭೆಯ ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರಲ್ಲಿ ಕೆಲವರು ಆ ಮನೆಗಳಿಗಿಂತ ವಯಸ್ಸಿನಲ್ಲಿ ದೊಡ್ಡವರು. ಆ ಚೌಕವನ್ನು ಮತ್ತೆ ಕಟ್ಟಿ ಜನರಿಗೆ ತೆರೆದದ್ದು 1953ರ ಜುಲೈಯಲ್ಲಿ. 1945ರ ಜನವರಿಯಲ್ಲಿ ಅಲ್ಲಿ ಇದ್ದದ್ದು ಇಟ್ಟಿಗೆಯ ರಾಶಿ ಮತ್ತು ಅಲ್ಲೊಂದು ಇಲ್ಲೊಂದು ನಿಂತ ಮೊಂಡು ಗೋಡೆ.

ಯುರೋಪು ಸುತ್ತಿ ಬಂದವರ ಬಾಯಲ್ಲಿ ಒಂದು ಮಾತು ಸಾಮಾನ್ಯವಾಗಿ ಬರುತ್ತದೆ: ಅವರು ತಮ್ಮ ಹಳೆಯದನ್ನೆಲ್ಲ ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದಾರೆ! ಪ್ರಾಗ್ ಮತ್ತು ಕ್ರಾಕೋವ್ ನಗರಗಳ ಮಟ್ಟಿಗೆ ಇದು ಬಹುಪಾಲು ನಿಜ. ವಾರ್ಸಾ, ಗ್ದಾನ್ಸ್ಕ್, ಡ್ರೆಸ್ಡೆನ್, ಬೆಲ್ಜಿಯಮ್ಮಿನ ಈಪರ್ ಇವುಗಳ ಮಟ್ಟಿಗೆ ನಿಜವಲ್ಲ. ಅಲ್ಲಿ ನಾವು ನೋಡುವುದು ಉಳಿದುಬಂದ ಹಳಮೆಯನ್ನಲ್ಲ. ಯುದ್ಧವಾದ ಮೇಲೆ ಜನ ಕೂತು, ಜಗಳವಾಡಿ, ತೀರ್ಮಾನಿಸಿ ಮತ್ತೆ ಎಬ್ಬಿಸಿದ ಹಳಮೆಯನ್ನು. ಆದ್ದರಿಂದ ಅಂಥ ಊರಿನಲ್ಲಿ ಕಟ್ಟಡದ ವಯಸ್ಸನ್ನು ಕೇಳಿ ಸುಮ್ಮನಾದರೆ ಸಾಲದು. ಇದನ್ನು ಮತ್ತೆ ಕಟ್ಟಬೇಕೆಂದು ಯಾರು ಹೇಳಿದರು, ಯಾವುದನ್ನು ಕಟ್ಟದೆ ಬಿಟ್ಟರು, ಇಲ್ಲಿ ವಾಸವಿದ್ದವರು ಏನಾದರು ಎಂದು ಕೇಳಬೇಕು. ಇಂದು ಹೆಚ್ಚಿನ ಹೊತ್ತು ವಾರ್ಸಾದಲ್ಲೇ ಇರುತ್ತೇನೆ. ಈ ಮೂರು ಪ್ರಶ್ನೆಗಳಿಗೆ ಅಷ್ಟು ಸ್ಪಷ್ಟವಾಗಿ ಉತ್ತರಿಸುವ ಇನ್ನೊಂದು ನಗರ ನನಗೆ ಗೊತ್ತಿಲ್ಲ.

ಮೊದಲು ಅದು ನಾಶವಾದ ಬಗೆ. ಯುದ್ಧವೆಂದರೆ ಬಾಂಬು ಬಿತ್ತು, ಊರು ಉರಿಯಿತು ಎಂದು ನಾವು ಅಂದುಕೊಳ್ಳುತ್ತೇವೆ. ವಾರ್ಸಾದಲ್ಲಿ ಆದದ್ದು ಅಷ್ಟೇ ಅಲ್ಲ. 1939ರ ಸೆಪ್ಟೆಂಬರ್ 1ರಂದು ಜರ್ಮನಿ ದಾಳಿ ಮಾಡಿತು; ಅದೇ ತಿಂಗಳು ರಾಜರ ಅರಮನೆಗೆ ಬೆಂಕಿ ಬಿತ್ತು, ನಗರ ಶರಣಾಯಿತು. ಐದು ವರ್ಷಗಳ ಆಕ್ರಮಣದ ನಂತರ, 1944ರ ಆಗಸ್ಟ್ 1ರ ಸಂಜೆ ಐದು ಗಂಟೆಗೆ, ಪೋಲಿಷ್ ಭೂಗತ ಸೇನೆ ದಂಗೆ ಎದ್ದಿತು. ಕೆಲವು ದಿನಗಳಲ್ಲಿ ಮುಗಿಯಬಹುದೆಂದುಕೊಂಡ ಹೋರಾಟ 63 ದಿನ ನಡೆಯಿತು. ಸೆಪ್ಟೆಂಬರ್ ನಡುವಿನ ಹೊತ್ತಿಗೆ ಸೋವಿಯತ್ ಸೇನೆ ವಿಸ್ತುಲಾ ನದಿಯ ಆಚೆ ದಡ ತಲುಪಿತ್ತು. ನದಿ ದಾಟಿ ನಗರವನ್ನು ಬಿಡಿಸಿಕೊಳ್ಳಲಿಲ್ಲ. ವೋಲಾ ಎಂಬ ಬಡಾವಣೆಯೊಂದರಲ್ಲೇ ಆಗಸ್ಟ್ ಮೊದಲ ದಿನಗಳಲ್ಲಿ ಹತ್ತಾರು ಸಾವಿರ ನಾಗರಿಕರನ್ನು, ಆಸ್ಪತ್ರೆಯಲ್ಲಿದ್ದ ರೋಗಿಗಳನ್ನೂ ಸೇರಿಸಿ, ಸಾಲಾಗಿ ನಿಲ್ಲಿಸಿ ಗುಂಡಿಟ್ಟು ಕೊಂದರು. ಒಟ್ಟು ಸತ್ತ ನಾಗರಿಕರು ಒಂದೂವರೆ ಲಕ್ಷಕ್ಕೆ ಕಡಿಮೆಯಿಲ್ಲ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು.

ಇನ್ನು ಹೇಳುವುದು ಶರಣಾಗತಿಯ ನಂತರದ ಮಾತು. ಅಕ್ಟೋಬರ್ 2ರಂದು ದಂಗೆ ಮುಗಿಯಿತು. ಉಳಿದ ಜನರನ್ನೆಲ್ಲ ಊರಿನಿಂದ ಹೊರಗಟ್ಟಿದರು. ಕಾದಾಟ ನಿಂತ ಆ ಖಾಲಿ ನಗರದೊಳಕ್ಕೆ ಜರ್ಮನ್ನರ ವಿಶೇಷ ದಳಗಳು ಬಂದವು. ಬೀದಿಯಿಂದ ಬೀದಿಗೆ, ಮನೆಯಿಂದ ಮನೆಗೆ ಹೋಗಿ ಬೆಂಕಿ ಹಚ್ಚಿದವು, ಸಿಡಿಮದ್ದು ತುಂಬಿ ಉರುಳಿಸಿದವು. ಮುಂಚೆಯೇ ಸುಟ್ಟಿದ್ದ ಅರಮನೆಯ ಗೋಡೆಗಳನ್ನು ಈಗ ಸಿಡಿಸಿದರು. ಅಪರೂಪದ ಹಸ್ತಪ್ರತಿಗಳಿದ್ದ ಕ್ರಾಸಿನ್ಸ್ಕಿ ಗ್ರಂಥಾಲಯವನ್ನು ಸುಟ್ಟರು. ಸಾಕ್ಸನ್ ಅರಮನೆಯನ್ನು ಡಿಸೆಂಬರಿನಲ್ಲಿ ಉರುಳಿಸಿದರು. ಸೈನ್ಯಕ್ಕೆ ಇದರಿಂದ ಯಾವ ಲಾಭವೂ ಇರಲಿಲ್ಲ. 1945ರ ಜನವರಿ 17ರಂದು ಸೋವಿಯತ್ ಮತ್ತು ಪೋಲಿಷ್ ಪಡೆಗಳು ಒಳಗೆ ಬರುವಾಗ ನಗರದ ನೂರಕ್ಕೆ ಸುಮಾರು 85ರಷ್ಟು ಭಾಗ ಹಾಳಾಗಿತ್ತು. ರಾಜಧಾನಿಯನ್ನು ಇನ್ನೊಂದು ಊರಿಗೆ ಸಾಗಿಸೋಣವೇ ಎಂಬ ಚರ್ಚೆ ನಡೆದದ್ದು ಸಹಜ.

ಸಾಗಿಸಲಿಲ್ಲ. ಫೆಬ್ರುವರಿಯಲ್ಲೇ ರಾಜಧಾನಿ ಪುನರ್ನಿರ್ಮಾಣ ಕಚೇರಿ ಹುಟ್ಟಿತು. ಅದರ ಸ್ಮಾರಕ ವಿಭಾಗದ ಹೊಣೆ ಹೊತ್ತವರು ವಾಸ್ತುಶಿಲ್ಪಿ ಯಾನ್ ಜಾಖ್ವಾತೊವಿಚ್. ಬಿದ್ದುಹೋದ ಸ್ಮಾರಕವನ್ನು ಹೊಸದಾಗಿ ಕಟ್ಟಿ ಹಳೆಯದೆಂದು ತೋರಿಸಬಾರದು ಎಂಬುದು ಆ ಕಾಲದ ಸಂರಕ್ಷಣಾ ಶಾಸ್ತ್ರದ ಮೂಲ ನಿಯಮ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಇಲ್ಲಿ ಕಟ್ಟಡ ಹಳತಾಗಿ ಬಿದ್ದಿರಲಿಲ್ಲ. ಒಂದು ಜನಾಂಗದ ನೆನಪನ್ನೇ ಅಳಿಸಬೇಕೆಂದು ಬೀಳಿಸಿದ್ದರು. ಆ ಅಳಿಸುವಿಕೆಯನ್ನು ಒಪ್ಪಿಕೊಳ್ಳಲಾಗದು ಎಂದು ಅವರು ವಾದಿಸಿದರು. ನನಗೆ ಈ ವಾದ ಸರಿಯೆನಿಸುತ್ತದೆ. ನಿಯಮ ಮಾಡಿದವರು ಮಳೆ, ಗಾಳಿ, ಕಾಲವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಸಿಡಿಮದ್ದಿನ ಪೆಟ್ಟಿಗೆ ಹಿಡಿದು ಮನೆಮನೆಗೆ ಬರುವ ಸೈನಿಕನನ್ನು ಅವರು ಊಹಿಸಿರಲಿಲ್ಲ.

ಕಟ್ಟಲು ಆಧಾರ ಬೇಕಲ್ಲ? ಎರಡು ಮೂಲಗಳು ಕೈಹಿಡಿದವು. ವಾರ್ಸಾ ತಾಂತ್ರಿಕ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿಭಾಗದವರು ಯುದ್ಧಕ್ಕೆ ಮೊದಲೇ ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಮಾಡಿಟ್ಟಿದ್ದರು. ಆಕ್ರಮಣದ ಕಾಲದಲ್ಲೂ ಗುಟ್ಟಾಗಿ ಆ ಕೆಲಸ ಮುಂದುವರಿಯಿತು. ದಂಗೆಯ ನಂತರ ಅವನ್ನು ಊರಿನಿಂದ ಕದ್ದು ಸಾಗಿಸಿ ಪಿಯೋತ್ರ್ಕುವ್ ಪಟ್ಟಣದ ಮಠವೊಂದರಲ್ಲಿ ಬಚ್ಚಿಟ್ಟರು. ಎರಡನೆಯದು ಬೆರ್ನಾರ್ಡೊ ಬೆಲ್ಲೊಟ್ಟೊನ ಚಿತ್ರಗಳು. ಹದಿನೆಂಟನೆಯ ಶತಮಾನದ ಈ ವೆನಿಸ್ಸಿನ ಕಲಾವಿದ ಕೊನೆಯ ಪೋಲಿಷ್ ದೊರೆಗಾಗಿ ವಾರ್ಸಾದ ಬೀದಿಗಳನ್ನು ಕಿಟಕಿ ಕಿಟಕಿಯೂ ಕಾಣುವಂತೆ ಚಿತ್ರಿಸಿದ್ದ. ನಾಜಿಗಳು ಕೊಂಡೊಯ್ದಿದ್ದ ಆ ಚಿತ್ರಗಳು ಯುದ್ಧಾನಂತರ ಸಿಕ್ಕವು. ಇಂದು ಮರುನಿರ್ಮಿತ ಅರಮನೆಯ ಒಂದು ಕೋಣೆಯ ತುಂಬ ಅವೇ ಇವೆ. ಆ ಕೋಣೆಗೆ ಮೊದಲು ಹೋಗಿ, ಆಮೇಲೆ ಬೀದಿಗಿಳಿಯಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬೆಲ್ಲೊಟ್ಟೊ ಕೆಲವೆಡೆ ಕಣ್ಣಿಗೆ ಚೆಂದವೆಂದು ವಿವರಗಳನ್ನು ತಿದ್ದಿದ್ದ; ಆ ತಿದ್ದುಪಡಿಗಳಲ್ಲಿ ಕೆಲವು ಈಗ ನಿಜವಾದ ಗಾರೆ ಕಲ್ಲುಗಳಲ್ಲಿ ನಿಂತಿವೆ.

ಹಾಗೆ ನೋಡಿದರೆ ಮರುನಿರ್ಮಾಣವೆಂಬುದು ಆಯ್ಕೆಯ ಕೆಲಸವೇ. ಸಂತ ಜಾನ್ ಕ್ಯಾಥೆಡ್ರಲ್ ಯುದ್ಧಕ್ಕೆ ಮೊದಲು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಗಾಥಿಕ್ ಮುಖ ಹೊತ್ತಿತ್ತು. ಜಾಖ್ವಾತೊವಿಚ್ ಅದನ್ನು ಹಾಗೆ ಕಟ್ಟಲಿಲ್ಲ. ಮಧ್ಯಯುಗದಲ್ಲಿ ಹೀಗಿದ್ದಿರಬೇಕು ಎಂದು ತರ್ಕಿಸಿ ಇಟ್ಟಿಗೆಯ ಸರಳ ಮುಖ ಕೊಟ್ಟರು. ಚೌಕದ ಮನೆಗಳು ಹೊರಗಿನಿಂದ ಹಳೆಯವು, ಒಳಗೆ ನಲ್ಲಿ, ಸ್ನಾನಗೃಹ ಇರುವ ಹೊಸ ವಸತಿಗಳು. ಹಿತ್ತಿಲಿನಲ್ಲಿ ಒತ್ತೊತ್ತಾಗಿದ್ದ ಕಟ್ಟಡಗಳನ್ನು ಮತ್ತೆ ಕಟ್ಟದೆ ಗಾಳಿ ಬೆಳಕಿಗೆ ಜಾಗ ಬಿಟ್ಟರು. ಇನ್ನು ಇಟ್ಟಿಗೆಗಳು! ಯುದ್ಧಾನಂತರ ಪೋಲೆಂಡಿಗೆ ಸೇರಿದ ಜರ್ಮನ್ ನಗರಗಳ ಪಾಳು ಕಟ್ಟಡಗಳಿಂದ ರೈಲುಗಟ್ಟಲೆ ಇಟ್ಟಿಗೆ ವಾರ್ಸಾಕ್ಕೆ ಬಂತು. ಬ್ರೆಸ್ಲಾವ್ ಎಂಬ ಹೆಸರು ಕಳೆದುಕೊಂಡು ವ್ರೊತ್ಸ್ವಾಫ್ ಆದ ನಗರದ ಗೋಡೆಗಳು ಹೀಗೆ ವಾರ್ಸಾದ ಗೋಡೆಗಳಾದವು. ಅದರಿಂದ ವ್ರೊತ್ಸ್ವಾಫಿನಲ್ಲಿ ಉಳಿಸಬಹುದಾಗಿದ್ದ ಕಟ್ಟಡಗಳೂ ನಾಶವಾದವು ಎಂಬ ನೋವು ಅಲ್ಲಿನವರಿಗೆ ಇಂದಿಗೂ ಇದೆ, ಮತ್ತು ಅದು ನ್ಯಾಯವಾದ ನೋವು.

1980ರಲ್ಲಿ ಯುನೆಸ್ಕೊ ಈ ಹಳೆಯ ಪಟ್ಟಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಳೆಯದೆಂದಲ್ಲ, ಮತ್ತೆ ಕಟ್ಟಿದ್ದಕ್ಕಾಗಿ. ರಾಜರ ಅರಮನೆಯನ್ನು ಮತ್ತೆ ಕಟ್ಟುವ ಕೆಲಸ ಶುರುವಾದದ್ದು 1971ರಲ್ಲಿ, ಬಹುಪಾಲು ಜನರ ದೇಣಿಗೆಯಿಂದ. ಸಾಕ್ಸನ್ ಅರಮನೆಯನ್ನು ಮತ್ತೆ ಕಟ್ಟುವ ಕಾನೂನು ಬಂದದ್ದು 2021ರಲ್ಲಿ. ಸದ್ಯಕ್ಕೆ ಅದರ ಮೂರು ಕಮಾನುಗಳ ತುಂಡು ಮಾತ್ರ ಅಜ್ಞಾತ ಸೈನಿಕನ ಸಮಾಧಿಯ ಮೇಲೆ ನಿಂತಿದೆ. ಆ ತುಂಡನ್ನು ನೋಡಿದವರಿಗೆ ಅರಮನೆ ಕಟ್ಟುವುದು ಬೇಡವೆನಿಸುವುದು ಸುಲಭ. ನನಗೂ ಬೇಡವೆನಿಸುತ್ತದೆ. ಮುರಿದ ಕಮಾನು ಹೇಳುವ ಮಾತನ್ನು ಪೂರ್ತಿ ಅರಮನೆ ಹೇಳಲಾರದು.

ಈ ಜಗಳ ವಾರ್ಸಾದ್ದು ಮಾತ್ರವಲ್ಲ. ಮೊದಲ ಮಹಾಯುದ್ಧದಲ್ಲಿ ನಾಲ್ಕು ವರ್ಷ ಗುಂಡಿನ ಮಳೆಯಲ್ಲಿ ನೆಂದು ನೆಲಸಮವಾದ ಈಪರ್ ಪಟ್ಟಣವನ್ನು ಹಾಗೆಯೇ ಪಾಳಾಗಿ ಉಳಿಸಬೇಕೆಂದು ಚರ್ಚಿಲ್ ಬಯಸಿದ್ದರು. ಅಷ್ಟೊಂದು ಬ್ರಿಟಿಷ್ ಸೈನಿಕರು ಅಲ್ಲಿ ಸತ್ತಿದ್ದರು. ಆದರೆ ಊರಿನವರು ತಮ್ಮ ಮನೆಗಳಿಗೆ ಹಿಂತಿರುಗಿ ಬಂದರು, ಕಟ್ಟಿಕೊಂಡರು. ಹದಿಮೂರನೆಯ ಶತಮಾನದ ಅವರ ಬಟ್ಟೆ ಮಾರುಕಟ್ಟೆಯ ಭವನ ಪೂರ್ತಿಯಾಗಿ ಮತ್ತೆ ಎದ್ದದ್ದು 1967ರಲ್ಲಿ. ಬ್ರಿಟಿಷರಿಗೆ ಸಿಕ್ಕಿದ್ದು ಮೆನಿನ್ ದ್ವಾರ: ದೇಹವೇ ಸಿಗದ ಸುಮಾರು 54,000 ಸೈನಿಕರ ಹೆಸರುಗಳನ್ನು ಕೊರೆದ, 1927ರಲ್ಲಿ ತೆರೆದ ಮಹಾದ್ವಾರ. ಪ್ರತಿ ರಾತ್ರಿ ಎಂಟಕ್ಕೆ ರಸ್ತೆ ನಿಲ್ಲಿಸಿ ಕಹಳೆ ಊದುತ್ತಾರೆ. ಎರಡನೆಯ ಯುದ್ಧದಲ್ಲಿ ಜರ್ಮನ್ನರ ಕೈಯಲ್ಲಿದ್ದ ವರ್ಷಗಳನ್ನು ಬಿಟ್ಟರೆ 1928ರಿಂದ ಇದು ನಡೆದುಕೊಂಡು ಬಂದಿದೆ. ಆ ಗೋಡೆಯಲ್ಲಿ ಭಾರತೀಯ ಸೇನೆಯ ನಾಲ್ಕು ನೂರಕ್ಕೂ ಹೆಚ್ಚು ಹೆಸರುಗಳಿವೆ. 1914ರ ಶರತ್ಕಾಲದಲ್ಲಿ ತೆಳ್ಳನೆಯ ಬೇಸಿಗೆ ಸಮವಸ್ತ್ರದಲ್ಲೇ ಮಾರ್ಸೇಲ್ ಬಂದರಿನಲ್ಲಿ ಇಳಿದು, ಅಲ್ಲಿಂದ ನೇರ ಕೆಸರಿನ ಕಂದಕಗಳಿಗೆ ಹೋದವರು ಅವರು. ಗಡಿಯಾಚೆ ಫ್ರಾನ್ಸಿನ ನ್ಯೂವ್ ಶಾಪೆಲ್‌ನಲ್ಲಿ ನಮ್ಮವರಿಗಾಗಿಯೇ ಕಟ್ಟಿದ ವೃತ್ತಾಕಾರದ ಸ್ಮಾರಕವಿದ್ದು, ಅಲ್ಲಿ 4,700ಕ್ಕೂ ಹೆಚ್ಚು ಹೆಸರುಗಳಿವೆ. ಪ್ಯಾರಿಸ್ಸಿಗೆ ಹೋಗುವ ನಮ್ಮ ಪ್ರವಾಸಿ ತಂಡಗಳು ಅತ್ತ ಕಡೆ ತಿರುಗುವುದಿಲ್ಲ. ರೈಲಿನಲ್ಲಿ ಲೀಲ್ ನಗರದವರೆಗೆ ಹೋದರೆ ಅದು ಹತ್ತಿರವೇ.

ಡ್ರೆಸ್ಡೆನ್ನಿನ ದಾರಿ ಬೇರೆ. 1945ರ ಫೆಬ್ರುವರಿಯ ಬಾಂಬ್ ದಾಳಿಯಲ್ಲಿ ಅಲ್ಲಿ ಸುಮಾರು 25,000 ಜನ ಸತ್ತರು. ಫ್ರೌವೆನ್‌ಕಿರ್ಶೆ ಎಂಬ ಚರ್ಚು ಎರಡು ದಿನ ಬೆಂಕಿಯ ಕಾವಿನಲ್ಲಿ ನಿಂತು ಕುಸಿಯಿತು. ಕಮ್ಯುನಿಸ್ಟ್ ಆಡಳಿತ ಆ ಕಲ್ಲುರಾಶಿಯನ್ನು ದಶಕಗಳ ಕಾಲ ಹಾಗೇ ಬಿಟ್ಟಿತ್ತು. ಜರ್ಮನಿ ಒಂದಾದ ಮೇಲೆ, 1994ರಿಂದ ಕಟ್ಟತೊಡಗಿ 2005ರಲ್ಲಿ ಮುಗಿಸಿದರು. ರಾಶಿಯಲ್ಲಿ ಸಿಕ್ಕ ಕಲ್ಲುಗಳನ್ನು ಗುರುತಿಸಿ ಸಾಧ್ಯವಾದಷ್ಟನ್ನು ಅವುಗಳ ಮೂಲ ಜಾಗದಲ್ಲೇ ಇಟ್ಟಿದ್ದಾರೆ. ಅದರಿಂದ ತಿಳಿ ಬಣ್ಣದ ಹೊಸ ಗೋಡೆಯಲ್ಲಿ ಕಪ್ಪು ಹಳೆಯ ಕಲ್ಲುಗಳು ಎದ್ದು ಕಾಣುತ್ತವೆ. ಗೋಪುರದ ಶಿಲುಬೆ ಬ್ರಿಟನ್ನಿನ ಕೊಡುಗೆ. ಅದನ್ನು ಮಾಡಿದ ಕುಶಲಕರ್ಮಿಯ ತಂದೆ ಆ ನಗರದ ಮೇಲೆ ಬಾಂಬು ಹಾಕಿದ ವಿಮಾನದಳದಲ್ಲಿದ್ದವರು. ವಾರ್ಸಾ ಗಾಯವನ್ನು ಮುಚ್ಚಿತು, ಡ್ರೆಸ್ಡೆನ್ ಹೊಲಿಗೆಯನ್ನು ಕಾಣಬಿಟ್ಟಿತು. ಪ್ರಾಮಾಣಿಕತೆಯ ದೃಷ್ಟಿಯಿಂದ ನನಗೆ ಡ್ರೆಸ್ಡೆನ್ನಿನ ಕ್ರಮ ಹೆಚ್ಚು ಇಷ್ಟ. ನೆದರ್ಲೆಂಡ್ಸಿನ ರೋಟರ್‌ಡ್ಯಾಮ್ ಮಾತ್ರ ಹಳೆಯದರ ಆಸೆಯನ್ನೇ ಬಿಟ್ಟು ಹೊಸ ನಗರ ಕಟ್ಟಿತು. 1940ರ ಮೇ 14ರ ಜರ್ಮನ್ ಬಾಂಬ್ ದಾಳಿಯ ಬೆಂಕಿ ಎಲ್ಲಿಯವರೆಗೆ ಹಬ್ಬಿತ್ತೆಂಬ ಗೆರೆಯನ್ನು ನೆಲದಲ್ಲಿ ದೀಪಗಳಿಂದ ಗುರುತಿಸಿದೆ.

ಈಗ ವಾರ್ಸಾಕ್ಕೆ ಮರಳೋಣ. ಹಳೆಯ ಪೇಟೆಯಿಂದ ಪಶ್ಚಿಮಕ್ಕೆ ಇಪ್ಪತ್ತು ನಿಮಿಷ ನಡೆದರೆ ಮುರಾನೂವ್ ಎಂಬ ಬಡಾವಣೆ. ಮರಗಳು, ಮಕ್ಕಳ ಆಟದ ಜಾಗ, ನಾಲ್ಕೈದು ಅಂತಸ್ತಿನ ವಸತಿಗಳು. ಅನೇಕ ಮನೆಗಳು ರಸ್ತೆಗಿಂತ ಎತ್ತರದ ದಿಬ್ಬದ ಮೇಲಿವೆ, ಮೆಟ್ಟಿಲು ಹತ್ತಿ ಹೋಗಬೇಕು. ಆ ದಿಬ್ಬ ಪ್ರಕೃತಿ ಮಾಡಿದ್ದಲ್ಲ. ಅದು ವಾರ್ಸಾ ಗೆಟ್ಟೋದ, ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯ, ಅವಶೇಷ.

ಯುದ್ಧಕ್ಕೆ ಮುಂಚೆ ವಾರ್ಸಾದ ಸುಮಾರು 13 ಲಕ್ಷ ಜನರಲ್ಲಿ ನೂರಕ್ಕೆ 30ರಷ್ಟು ಮಂದಿ ಯಹೂದಿಗಳು. 1940ರ ನವೆಂಬರಿನಲ್ಲಿ ನಾಜಿಗಳು ಅವರನ್ನು ಗೋಡೆಯೊಳಗೆ ಕೂಡಿಹಾಕಿದರು. ಮೂರೂವರೆ ಚದರ ಕಿಲೋಮೀಟರಿಗಿಂತ ಕಡಿಮೆ ಜಾಗದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ. ಹಸಿವು ಮತ್ತು ಜ್ವರದಿಂದ ಹತ್ತಾರು ಸಾವಿರ ಮಂದಿ ಅಲ್ಲೇ ಸತ್ತರು. 1942ರ ಜುಲೈ 22ರಿಂದ ಸೆಪ್ಟೆಂಬರಿನವರೆಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಸರಕು ರೈಲುಗಳಲ್ಲಿ ಟ್ರೆಬ್ಲಿಂಕಾಕ್ಕೆ ಒಯ್ದು ಅನಿಲ ಕೋಣೆಗಳಲ್ಲಿ ಕೊಂದರು. 1943ರ ಏಪ್ರಿಲ್ 19ರಂದು, ಉಳಿದವರನ್ನೂ ಒಯ್ಯಲು ಸೈನ್ಯ ಬಂದಾಗ, ಕೆಲವೇ ಪಿಸ್ತೂಲು ಮತ್ತು ಕೈಬಾಂಬುಗಳಿದ್ದ ಯುವಕ ಯುವತಿಯರು ತಿರುಗಿಬಿದ್ದರು. ಸುಮಾರು ನಾಲ್ಕು ವಾರ ಕಾದಾಡಿದರು. ಸೈನ್ಯ ಮನೆಗಳಿಗೆ ಬೆಂಕಿಯಿಟ್ಟು ಅವರನ್ನು ಹೊರಗೆಳೆಯಿತು. ಮೇ 16ರಂದು ಯಹೂದಿಗಳ ಪ್ರಾರ್ಥನಾ ಮಂದಿರವಾದ ಮಹಾ ಸಿನಗಾಗ್ ಅನ್ನು ಸಿಡಿಸಿ ತನ್ನ ಗೆಲುವನ್ನು ಸಾರಿತು.

ಅದೇ ಪುನರ್ನಿರ್ಮಾಣದ ವರ್ಷಗಳಲ್ಲಿ ಈ ಜಾಗದಲ್ಲಿ ಹಳೆಯ ಬೀದಿಗಳನ್ನು ಯಾರೂ ಮತ್ತೆ ಕಟ್ಟಲಿಲ್ಲ. ಮಹಾ ಸಿನಗಾಗ್ ಇದ್ದ ಜಾಗದಲ್ಲಿ ಇಂದು ಗಾಜಿನ ಎತ್ತರದ ಕಚೇರಿ ಕಟ್ಟಡವಿದೆ. ಅವಶೇಷ ತೆಗೆದು ಸಾಗಿಸಲಾರದಷ್ಟಿತ್ತು. ವಾಸ್ತುಶಿಲ್ಪಿ ಬೊಹ್ದಾನ್ ಲಾಖೆರ್ಟ್ ಅದನ್ನೇ ಪುಡಿ ಮಾಡಿ ಕಾಂಕ್ರೀಟಿಗೆ ಸೇರಿಸಿ, ಆ ಇಟ್ಟಿಗೆಗಳಿಂದ, ಆ ದಿಬ್ಬಗಳ ಮೇಲೆಯೇ ಹೊಸ ಬಡಾವಣೆ ಕಟ್ಟಿದ. ಗೋಡೆಗಳು ಗಾರೆ ಕಾಣದೆ ಅವಶೇಷದ ತುಕ್ಕುಗೆಂಪಿನಲ್ಲೇ ಉಳಿಯಲಿ ಎಂಬುದು ಅವನ ಆಸೆ. ಮಂಕಾಗಿ ಕಾಣುತ್ತದೆಂದು ಅಧಿಕಾರಿಗಳು ಗಾರೆ ಬಳಿಸಿದರು.

ಇದನ್ನು ನಾನು ಆರೋಪವಾಗಿ ಹೇಳುತ್ತಿಲ್ಲ. ಮನೆ ಕಳೆದುಕೊಂಡ ಲಕ್ಷಾಂತರ ಜನರಿಗೆ ತಕ್ಷಣ ಸೂರು ಬೇಕಿತ್ತು. ಆದರೆ ಒಂದು ಬೀದಿಯನ್ನು ಹಾಗೆಯೇ ಮತ್ತೆ ಎಬ್ಬಿಸಬೇಕಾದರೆ, ಇದು ನನ್ನ ಬೀದಿ, ಇಲ್ಲಿ ಹೀಗೊಂದು ಬಾಗಿಲಿತ್ತು ಎಂದು ಹಟ ಹಿಡಿಯುವವರು ಬದುಕಿರಬೇಕು. ಹಳೆಯ ಪೇಟೆಗೆ ಅಂಥವರಿದ್ದರು. ಗೆಟ್ಟೋದ ಬೀದಿಗಳಿಗೆ ಇರಲಿಲ್ಲ. ಎರಡು ಬಡಾವಣೆಗಳ ನಡುವಿನ ಆ ಇಪ್ಪತ್ತು ನಿಮಿಷದ ನಡಿಗೆಯಲ್ಲಿ ನನಗೆ ಯಾವುದೇ ವಸ್ತುಸಂಗ್ರಹಾಲಯಕ್ಕಿಂತ ಹೆಚ್ಚು ತಿಳಿಯಿತು.

ಆದರೂ ಅಲ್ಲಿಯ ಜನ ತಮ್ಮ ದನಿ ಉಳಿಯುವಂತೆ ಮಾಡಿದ್ದರು. ಇತಿಹಾಸಕಾರ ಇಮಾನುಯೆಲ್ ರಿಂಗೆಲ್‌ಬ್ಲುಮ್ ಗೆಟ್ಟೋದೊಳಗೆ ಒಂದು ಗುಪ್ತ ತಂಡ ಕಟ್ಟಿ ದಿನಚರಿ, ಮಕ್ಕಳ ಪ್ರಬಂಧ, ಪಡಿತರ ಚೀಟಿ, ಭಿತ್ತಿಪತ್ರ ಎಲ್ಲವನ್ನೂ ಸಂಗ್ರಹಿಸಿದರು. ಅವನ್ನು ತಗಡಿನ ಪೆಟ್ಟಿಗೆಗಳಲ್ಲೂ ಹಾಲಿನ ಕ್ಯಾನುಗಳಲ್ಲೂ ತುಂಬಿ ಹೂಳಿದರು. ರಿಂಗೆಲ್‌ಬ್ಲುಮ್‌ರನ್ನು 1944ರಲ್ಲಿ ಕುಟುಂಬ ಸಮೇತ ಕೊಂದರು. ಪೆಟ್ಟಿಗೆಗಳು 1946ರಲ್ಲಿ, ಕ್ಯಾನುಗಳು 1950ರಲ್ಲಿ ಸಿಕ್ಕವು. ಮೂರನೆಯ ಭಾಗ ಸಿಕ್ಕಿಲ್ಲ. ಸಿಕ್ಕ ಕ್ಯಾನುಗಳಲ್ಲಿ ಒಂದು ವಾರ್ಸಾದ ಯಹೂದಿ ಇತಿಹಾಸ ಸಂಸ್ಥೆಯಲ್ಲಿದೆ. ತುಕ್ಕು ಹಿಡಿದ ಆ ಕ್ಯಾನನ್ನು ನೋಡದೆ ವಾರ್ಸಾದಿಂದ ಬರಬೇಡಿ.

ಇನ್ನೊಬ್ಬರ ಹೆಸರು ಹೇಳಲೇಬೇಕು: ಯಾನುಷ್ ಕೊರ್ಚಾಕ್. ವೈದ್ಯರು, ಮಕ್ಕಳ ಲೇಖಕರು, ಅನಾಥಾಲಯ ನಡೆಸುತ್ತಿದ್ದವರು. ಗೆಟ್ಟೋದಲ್ಲಿ ಅವರ ಆಶ್ರಯದಲ್ಲಿ ಸುಮಾರು ಇನ್ನೂರು ಮಕ್ಕಳಿದ್ದರು. 1942ರ ಜುಲೈ 18ರಂದು ಆ ಮಕ್ಕಳು ಒಂದು ನಾಟಕ ಆಡಿದರು. ಅದು ರವೀಂದ್ರನಾಥ ಠಾಕೂರರ ‘ಡಾಕ್‌ಘರ್’. ಕಾಯಿಲೆಯಿಂದ ಕೋಣೆಯೊಳಗೇ ಇರಬೇಕಾದ ಅಮಲ್ ಎಂಬ ಹುಡುಗ ಕಿಟಕಿಯಲ್ಲಿ ಕುಳಿತು ಹೊರಗಿನ ಲೋಕವನ್ನು ನೋಡುತ್ತ ರಾಜನ ಪತ್ರಕ್ಕಾಗಿ ಕಾಯುವ ಕಥೆ. ಠಾಕೂರರು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಗೋಡೆಯೊಳಗಿನ ಮಕ್ಕಳಿಗೆ ಸಾವನ್ನು ಭಯವಿಲ್ಲದೆ ಎದುರಿಸಲು ಕಲಿಸಬೇಕೆಂದು ಕೊರ್ಚಾಕ್ ಆ ನಾಟಕವನ್ನು ಆರಿಸಿದರೆಂದು ಹೇಳುತ್ತಾರೆ. ನಾಲ್ಕು ದಿನಗಳ ನಂತರ ರೈಲುಗಳು ಹೊರಡಲು ಶುರುವಾದವು. ಆಗಸ್ಟ್ ಮೊದಲ ವಾರದಲ್ಲಿ ಮಕ್ಕಳ ಸರದಿ ಬಂತು. ತಪ್ಪಿಸಿಕೊಳ್ಳುವ ಅವಕಾಶವಿದ್ದರೂ ಕೊರ್ಚಾಕ್ ಮತ್ತು ಅವರ ಸಹೋದ್ಯೋಗಿ ಸ್ಟೆಫಾನಿಯಾ ವಿಲ್ಚಿನ್ಸ್ಕಾ ಮಕ್ಕಳ ಜೊತೆಯಲ್ಲೇ ನಡೆದು ರೈಲು ಹತ್ತಿದರು.

ಟ್ರೆಬ್ಲಿಂಕಾ ವಾರ್ಸಾದ ಈಶಾನ್ಯಕ್ಕೆ ಕಾಡಿನ ನಡುವೆ ಇದೆ. ಎಂಟು ಲಕ್ಷಕ್ಕೂ ಹೆಚ್ಚು ಜನರನ್ನು ಕೊಂದ ಮೇಲೆ ನಾಜಿಗಳೇ ಶಿಬಿರವನ್ನು ಕಿತ್ತುಹಾಕಿ, ಉತ್ತು, ಅಲ್ಲೊಂದು ತೋಟದ ಮನೆ ಕಟ್ಟಿ ಗುರುತು ಅಳಿಸಿದರು. ಆದ್ದರಿಂದ ಅಲ್ಲಿ ಮತ್ತೆ ಕಟ್ಟುವುದಕ್ಕೆ ಏನೂ ಇರಲಿಲ್ಲ. 1964ರಲ್ಲಿ 17,000 ಕಲ್ಲುಗಳನ್ನು ಬಯಲಿನಲ್ಲಿ ನೆಟ್ಟರು. ಕೆಲವು ಕಲ್ಲುಗಳ ಮೇಲೆ ಊರುಗಳ ಹೆಸರಿದೆ. ವ್ಯಕ್ತಿಯ ಹೆಸರಿರುವ ಕಲ್ಲು ಒಂದೇ: ಯಾನುಷ್ ಕೊರ್ಚಾಕ್ ಮತ್ತು ಮಕ್ಕಳು.

ಉಪನ್ಯಾಸದ ನಂತರ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಮಕ್ಕಳನ್ನು ನಾಜಿಗಳ ಕೊಲೆಶಿಬಿರವಿದ್ದ ಆಶ್‌ವಿಟ್ಸ್‌ಗೆ ಕರೆದೊಯ್ಯಬಹುದೇ ಎಂದು ಒಬ್ಬ ತಾಯಿ ಕೇಳಿದರು. ಹದಿನಾಲ್ಕು ವರ್ಷಕ್ಕಿಂತ ಚಿಕ್ಕವರಿಗೆ ಅದು ಸೂಕ್ತವಲ್ಲ ಎಂದು ಅಲ್ಲಿನ ವಸ್ತುಸಂಗ್ರಹಾಲಯವೇ ಹೇಳುತ್ತದೆ. ನನ್ನ ಅಭಿಪ್ರಾಯವೂ ಅದೇ. ಚಿಕ್ಕ ಮಕ್ಕಳಿಗೆ ಬರ್ಲಿನ್ನಿನ ಪಾದಚಾರಿ ದಾರಿಗಳಲ್ಲಿ ಹೂತಿರುವ ಹಿತ್ತಾಳೆಯ ಪುಟ್ಟ ಚೌಕಗಳನ್ನು ತೋರಿಸಿ. ಕಲಾವಿದ ಗುಂಟರ್ ಡೆಮ್ನಿಗ್ ತೊಂಬತ್ತರ ದಶಕದಲ್ಲಿ ಆರಂಭಿಸಿದ ಕೆಲಸ ಅದು. ಆ ಮನೆಯಿಂದ ಎಳೆದೊಯ್ದವರ ಹೆಸರು, ಹುಟ್ಟಿದ ವರ್ಷ, ಸತ್ತ ಜಾಗ ಅದರಲ್ಲಿರುತ್ತದೆ. ಯುರೋಪಿನಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಇವೆ. ಮಗು ಬಗ್ಗಿ ಓದುತ್ತದೆ, ತಾನಾಗಿಯೇ ಪ್ರಶ್ನೆ ಕೇಳುತ್ತದೆ; ಅಲ್ಲಿಂದ ನೀವು ಮಾತು ಶುರುಮಾಡಬಹುದು.

ಇನ್ನೊಬ್ಬರು, ಅಷ್ಟು ದೂರ ಹೋಗಲಾರದವರು ಏನು ಮಾಡಬೇಕು ಎಂದು ಕೇಳಿದರು. ಬೆಳಗಾವಿ ಕಡೆಯವರಿಗೆ ಉತ್ತರ ಹತ್ತಿರದಲ್ಲೇ ಇದೆ. 1940 ಮತ್ತು 1941ರಲ್ಲಿ ಸೋವಿಯತ್ ಆಡಳಿತ ಪೂರ್ವ ಪೋಲೆಂಡಿನ ಲಕ್ಷಾಂತರ ಜನರನ್ನು ಸೈಬೀರಿಯಾ ಮತ್ತು ಕಜಾಕಿಸ್ತಾನಕ್ಕೆ ಗಡಿಪಾರು ಮಾಡಿತ್ತು. ಬಿಡುಗಡೆಯಾದವರಲ್ಲಿ ಹಲವರು ಇರಾನಿನ ಮೂಲಕ ಹೊರಬಂದರು. ಗಂಡಸರು ಸೈನ್ಯ ಸೇರಿ ಇಟಲಿಗೆ ಹೋದರು. ನಮ್ಮ ನಾಲ್ಕನೆಯ ಭಾರತೀಯ ಡಿವಿಜನ್ ರಕ್ತ ಹರಿಸಿದ ಮೊಂಟೆ ಕಸಿನೊ ಬೆಟ್ಟದ ಮಠವನ್ನು 1944ರ ಮೇ 18ರಂದು ಕೊನೆಗೆ ಗೆದ್ದವರು ಅವರೇ. ಹೆಂಗಸರು ಮಕ್ಕಳಲ್ಲಿ ಕೆಲವರು ಭಾರತಕ್ಕೆ ಬಂದರು. ಈಗಿನ ಗುಜರಾತಿನಲ್ಲಿರುವ ನವಾನಗರ ಸಂಸ್ಥಾನದ ದೊರೆ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಬಾಲಾಚಡಿಯಲ್ಲಿ ನೂರಾರು ಅನಾಥ ಮಕ್ಕಳನ್ನು ಸಾಕಿದರು. ಇಂದು ವಾರ್ಸಾದಲ್ಲಿ ಅವರ ನೆನಪಿನ ಚೌಕವಿದೆ, ಒಂದು ಶಾಲೆಗೂ ಅವರ ಹೆಸರಿದೆ. ಕೊಲ್ಹಾಪುರದ ಹತ್ತಿರದ ವಲಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಪೋಲಿಷ್ ನಿರಾಶ್ರಿತರು ಶಾಲೆ, ಚರ್ಚು ಎಲ್ಲ ಮಾಡಿಕೊಂಡು ಬದುಕಿದರು. ಅವರು ಹೋದ ಮೇಲೆ ಅದೇ ಜಾಗದಲ್ಲಿ ದೇಶವಿಭಜನೆಯಿಂದ ಮನೆ ಕಳೆದುಕೊಂಡ ಸಿಂಧಿಗಳು ನೆಲೆಸಿದರು. ಇಂದು ಅದರ ಹೆಸರು ಗಾಂಧಿನಗರ. ನಿಪ್ಪಾಣಿ, ಚಿಕ್ಕೋಡಿ, ಬೆಳಗಾವಿಯಿಂದ ಮದುವೆ ಬಟ್ಟೆ ಕೊಳ್ಳಲು ಜನ ಹೋಗುವ ಅದೇ ಗಾಂಧಿನಗರ.

ಆ ಶಿಬಿರದವರನ್ನು ಕಂಡವರು, ಅವರಿಗೆ ಹಾಲು ತರಕಾರಿ ಕೊಟ್ಟವರು ಗಡಿಯ ಈಚೆಗೂ ಇದ್ದಿರಬಹುದು. ನಿಮ್ಮ ಮನೆಯ ತೊಂಬತ್ತು ದಾಟಿದ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಅವರು ಏನಾದರೂ ಹೇಳಿದರೆ, ಹೇಳಿದ ಹಾಗೆಯೇ ಬರೆದುಕೊಳ್ಳಿ, ಊರಿನ ಹೆಸರನ್ನೂ ಸೇರಿಸಿ.